ರಾತ್ರಿ ಎದೆನೋವು ಬಂದ್ರೆ ಉತ್ತರ ಕನ್ನಡದವ್ರು ಎತ್ತ ಓಡ್ಬೇಕು?

ಬೆಟ್ಟದಮೂಲೆ · ಭಾನುವಾರ ಬೆಳಿಗ್ಗೆ 7:40

ಊರಿನ ಹೆಸರು ಬೇಡ, ಘಟ್ಟದ ಮೇಲಿನ ಒಂದು ತಾಲ್ಲೂಕು ಅಂತ ಇಟ್ಕೊಳ್ಳಿ. ಕಳೆದ ತಿಂಗಳು ಒಂದು ರಾತ್ರಿ ಅಪ್ಪ ಕೊಟ್ಟಿಗೆಯಿಂದ ಬಂದವರು ಹಾಗೇ ಜಗಲಿ ಮೇಲೆ ಕೂತ್ರು. ಅಂಗಿ ಪೂರ್ತಿ ಒದ್ದೆ. "ಗ್ಯಾಸು, ಮಧ್ಯಾಹ್ನದ ಹಲಸಿನಕಾಯಿ ಹುಳಿ ಕರಗ್ಲಿಲ್ಲ" ಅಂದ್ರು. ಅಮ್ಮ ಜೀರಿಗೆ ಕಷಾಯ ಕಾಸಿದ್ಲು. ನಾನು ಬೆನ್ನು ತಿಕ್ಕಿದೆ. ಮುಕ್ಕಾಲು ಗಂಟೆ ಗ್ಯಾಸಿನ ಲೆಕ್ಕಕ್ಕೇ ಹೋಯ್ತು.

ಎಡಗೈ ಜೋಮು ಅಂದಾಗ ಜೀವ ಹಾರಿತು. ನಮ್ಮನೇಲಿ ನೆಟ್‌ವರ್ಕ್ ಇಲ್ಲ, ಗುಡ್ಡದ ಬಾಳೆಬುಡಕ್ಕೆ ಹೋಗಿ ನಿಂತ್ರೆ ಎರಡು ಕಡ್ಡಿ. 108ಕ್ಕೆ ಮಾಡಿದೆ. ಹತ್ತಿರದ ಗಾಡಿ ಬೇರೆ ಪೇಷಂಟ್ ಹಿಡ್ಕೊಂಡು ಹೋಗಿದೆ ಅಂದ್ರು. ಪಕ್ಕದ ಮನೆಯವರ ಓಮ್ನಿಯಲ್ಲಿ 28 ಕಿಲೋಮೀಟರ್ ದೂರದ ತಾಲ್ಲೂಕು ಆಸ್ಪತ್ರೆ. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನವರು, ಇಸಿಜಿ ತೆಗೆದ್ರು, ಒಂದು ಮಾತ್ರೆ ಚೀಪಿಸಿದ್ರು, "ಹಾರ್ಟ್ ಅಟ್ಯಾಕ್, ತಕ್ಷಣ ಹುಬ್ಬಳ್ಳಿಗೆ ಒಯ್ಯಿರಿ" ಅಂತ ಚೀಟಿ ಬರೆದ್ರು. ಅಲ್ಲಿಂದ ಎರಡೂವರೆ ತಾಸು.

ಅಪ್ಪ ಉಳಿದ್ರು. ಸ್ಟೆಂಟ್ ಹಾಕಿದಾರೆ, ಈಗ ತೋಟಕ್ಕೆ ಹೋಗ್ತೆ ಅಂತ ಹಟ ಮಾಡ್ತಿದಾರೆ. ಆದ್ರೆ ಹುಬ್ಬಳ್ಳಿ ಡಾಕ್ಟರು ಕೇಳಿದ ಒಂದು ಮಾತು ತಲೇಲಿ ಕೂತಿದೆ: "ಅಲ್ಲೇ ಇಂಜೆಕ್ಷನ್ ಕೊಟ್ಟಿಲ್ವಾ?"

ಯಾವ ಇಂಜೆಕ್ಷನ್? ಇನ್ನೊಂದು ವಿಷಯ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಮನವಿಗೆ ಸಹಿ ಮಾಡಿಸ್ತಾ ಹುಡುಗರು ಮೊನ್ನೆ ಮನೆಗೆ ಬಂದಿದ್ರು. ಪೆನ್ನು ಕೈಲಿ ಹಿಡ್ಕೊಂಡೇ ಅನುಮಾನ ಬಂತು. ಅದು ಕುಮಟೆಯಲ್ಲೋ ಕಾರವಾರದಲ್ಲೋ ಆದ್ರೆ ಆ ರಾತ್ರಿ ನಮ್ಮಪ್ಪನಿಗೆ ಎಂತ ಉಪಯೋಗ ಆಗ್ತಿತ್ತು?

ಅಘನಾಶಿನಿ · 8:05

ಮೊದ್ಲು ಸಹಿ ಹಾಕಿ ಮಾರಾಯ್ರೆ, ಆಮೇಲೆ ಅನುಮಾನ ಪಡಿ. 2019ರಲ್ಲಿ ಟ್ವಿಟ್ಟರ್‌ನಲ್ಲಿ ಇಡೀ ಜಿಲ್ಲೆ ಒಟ್ಟಾಗಿ ಕೂಗಿದಾಗಿಂದ ಕೇಳ್ತಾ ಇದ್ದೇವೆ. ತಲೆಗೆ ಪೆಟ್ಟಾದ್ರೆ ಮಣಿಪಾಲ, ಹೃದಯ ಅಂದ್ರೆ ಮಂಗಳೂರು, ಘಟ್ಟದ ಮೇಲಿನವ್ರಿಗೆ ಹುಬ್ಬಳ್ಳಿ, ಕಾರವಾರದವ್ರಿಗೆ ಗೋವಾ. ನಮ್ಮ ಜಿಲ್ಲೆಯವ್ರು ಹುಟ್ಟೂದು ಇಲ್ಲಿ, ಸಾಯೂದು ಬೇರೆ ಜಿಲ್ಲೆ ರಸ್ತೆ ಮೇಲೆ.

ಕೊನೆಗೌಡ77 · 8:11

ಅಪ್ಪ ಉಳಿದ್ರಲ, ಅದು ದೊಡ್ಡದು. ಹಲಸಿನಕಾಯಿ ಹುಳಿ ಮೇಲೆ ಸುಮ್ನೆ ಅಪವಾದ ಬಂತು.

ಬೆಂಗಳೂರಲ್ಲಿರೋನು · 8:30

ಬೇಜಾರು ಮಾಡ್ಕೋಬೇಡಿ. 68–70 ದಾಟಿದ ಅಪ್ಪ ಅಮ್ಮನ್ನ ನೆಟ್‌ವರ್ಕ್ ಕೂಡ ಇಲ್ದಿರೋ ಕಡೆ ಇಟ್ಕೊಂಡು ಸರ್ಕಾರಾನ ಬೈದ್ರೆ ಏನು ಬಂತು? ನಾನು ನಮ್ಮವ್ರನ್ನ ಮೂರು ವರ್ಷದ ಹಿಂದೇನೇ ಕರ್ಕೊಂಡು ಬಂದೆ.

ಅಘನಾಶಿನಿ · 8:33

ತೋಟಾನೂ ಬಾಲ್ಕನಿಗೆ ತಗೊಂಡು ಹೋದ್ರಾ?

ಕೊನೆಗೌಡ77 · 8:34

ಕೊಟ್ಟಿಗೆ ಲಿಫ್ಟಲ್ಲಿ ಹಿಡೀತಾ?

ಬೆಂಗಳೂರಲ್ಲಿರೋನು · 8:40

ನಗಾಡಿ. ನಮ್ಮಮ್ಮನ ಬಿಪಿ ಇಲ್ಲಿ ಬಂದ ಮೇಲೇ ಗೊತ್ತಾಗಿದ್ದು. ಅಲ್ಲಿದ್ದಾಗ ಹತ್ತು ವರ್ಷ ಯಾರೂ ನೋಡಿರ್ಲಿಲ್ಲ.

ಸ್ಟೆತೋಸ್ಕೋಪು · 10:20

ಸರ್ಕಾರಿ ಸೇವೆಯಲ್ಲಿದ್ದೇನೆ, ಘಟ್ಟದ ಮೇಲೆ ಕೆಳಗೆ ಎರಡೂ ಕಡೆ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿ.

ಹುಬ್ಬಳ್ಳಿ ಡಾಕ್ಟರ್ ಕೇಳಿದ್ದು ಟೆನೆಕ್ಟೆಪ್ಲೇಸ್ ಅನ್ನೋ ಇಂಜೆಕ್ಷನ್. ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನ ಕರಗಿಸುತ್ತೆ. ಹೊರಗೆ ಕೊಂಡರೆ ಮೂವತ್ತು ನಲವತ್ತು ಸಾವಿರದ ಔಷಧಿ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿರುವ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಇದನ್ನ ಉಚಿತವಾಗಿ ಕೊಡ್ತಾರೆ. ನಮ್ಮಲ್ಲಿ ಇಸಿಜಿ ತೆಗೆದು ಕಳಿಸ್ತೇವೆ, ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರು ನೋಡಿ ಕೊಡಿ ಅಥವಾ ಬೇಡ ಅಂತಾರೆ. ಕೊಟ್ಟ ಮೇಲೆ ಪೇಷಂಟನ್ನ ಆಂಜಿಯೋಗ್ರಾಂಗೆ ಮುಂದಕ್ಕೆ ಕಳಿಸ್ತೇವೆ. ಅಂದ್ರೆ ಹುಬ್ಬಳ್ಳಿಗೆ ಹೋಗೋದು ತಪ್ಪಲ್ಲ, ಆದ್ರೆ ದಾರಿಯುದ್ದಕ್ಕೂ ಹೃದಯದ ಸ್ನಾಯು ಸಾಯ್ತಾ ಹೋಗೋದು ತಪ್ಪುತ್ತೆ.

ಎಷ್ಟು ಬೇಗ ಕೊಟ್ರೆ ಅಷ್ಟು ಲಾಭ. ಮೊದಲ ಮೂರು ತಾಸಿನಲ್ಲಿ ಕೊಟ್ಟಾಗ ಆಗೋ ಉಪಕಾರ ಎಂಟನೇ ತಾಸಿನಲ್ಲಿ ಆಗೋದಿಲ್ಲ. ಹನ್ನೆರಡು ತಾಸು ದಾಟಿದ್ರೆ ಸಾಮಾನ್ಯವಾಗಿ ಕೊಡೋದೇ ಇಲ್ಲ.

ಈಗ ಆ ಚಿಕ್ಕ ವಯಸ್ಸಿನ ಡಾಕ್ಟರ ಪರವಾಗಿ ಎರಡು ಮಾತು. ಎಲ್ಲಾ ಹೃದಯಾಘಾತಕ್ಕೂ ಈ ಇಂಜೆಕ್ಷನ್ ಕೊಡೋ ಹಾಗಿಲ್ಲ, ಇಸಿಜಿಯಲ್ಲಿ ಒಂದು ನಿರ್ದಿಷ್ಟ ಏರಿಕೆ ಕಾಣಬೇಕು. ಈಚೆಗೆ ಲಕ್ವ ಹೊಡೆದಿದ್ರೆ, ಆಪರೇಷನ್ ಆಗಿದ್ರೆ, ಹೊಟ್ಟೆಯಲ್ಲಿ ರಕ್ತಸ್ರಾವ ಇದ್ರೆ ಕೊಟ್ರೆ ಮಿದುಳಲ್ಲಿ ರಕ್ತನಾಳ ಒಡೆದು ಪ್ರಾಣಕ್ಕೇ ಬರಬಹುದು. ರಾತ್ರಿ ಹನ್ನೊಂದಕ್ಕೆ ಒಬ್ಬನೇ ಇರ್ತಾನೆ, ಪಕ್ಕದ ಕೋಣೆಯಲ್ಲಿ ಹೆರಿಗೆ, ಹೊರಗೆ ಕುಡಿದು ಬಿದ್ದು ತಲೆ ಒಡ್ಕೊಂಡವನು, ಹೆಚ್ಚುಕಡಿಮೆ ಆದ್ರೆ ಗಾಜು ಒಡೆಯೋ ಜನ. ಕೈ ಹಿಂದೆ ಸರಿಯುತ್ತೆ. ಆ ರಾತ್ರಿ ನಿಮ್ಮಲ್ಲಿ ಏನಾಯ್ತೋ ನನಗೆ ಗೊತ್ತಿಲ್ಲ. ಚೀಪಿಸಿದ ಮಾತ್ರೆ ಆಸ್ಪಿರಿನ್ ಇರಬೇಕು, ಅದು ಸಣ್ಣ ಕೆಲಸ ಅಲ್ಲ.

ಬೆಟ್ಟದಮೂಲೆ · 10:41

ಥ್ಯಾಂಕ್ಸ್ ಡಾಕ್ಟ್ರೇ. ಅಪ್ಪಂಗೆ ಲಕ್ವ ಗಿಕ್ವ ಎಂತೂ ಇರ್ಲಿಲ್ಲ. ಇಸಿಜಿ ಹುಬ್ಬಳ್ಳಿಯಲ್ಲಿ ನೋಡಿದವ್ರು "ಕಣ್ಣಿಗೆ ಹೊಡೀತಿದೆ" ಅಂದ್ರು. ಹಾಗಾದ್ರೆ ಔಷಧಿ ಇರ್ಲಿಲ್ವೋ, ಇದ್ದೂ ಕೊಡ್ಲಿಲ್ವೋ? ನಾಳೆ ಹೋಗಿ ಕೇಳ್ತೆ.

ಲೆಕ್ಕದಮಾಸ್ತರ · 11:02

ಸ್ವಲ್ಪ ಲೆಕ್ಕ ಮಾತಾಡೋಣ. ಉತ್ತರ ಕನ್ನಡದ ವಿಸ್ತೀರ್ಣ 10,291 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಜನಸಂಖ್ಯೆ 14,37,169. ಚದರ ಕಿಲೋಮೀಟರಿಗೆ 140 ಜನ. ಬಹುಪಾಲು ಕಾಡು, ನಡುವೆ ಘಟ್ಟ, ನಾಲ್ಕು ದೊಡ್ಡ ಹೊಳೆ. ಇಂಥ ಜಿಲ್ಲೆಗೆ "ಮಧ್ಯ" ಅನ್ನೋದೇ ಇಲ್ಲ. ಕುಮಟೆಯಲ್ಲಿ ಕಟ್ಟಿದ್ರೆ ಜೋಯಿಡಾದವನಿಗೆ ದೂರ, ಕಾರವಾರದಲ್ಲಿ ಕಟ್ಟಿದ್ರೆ ಭಟ್ಕಳದವನು ಮಣಿಪಾಲಕ್ಕೇ ಹೋಗ್ತಾನೆ, ಶಿರಸಿಯಲ್ಲಿ ಕಟ್ಟಿದ್ರೆ ಕರಾವಳಿಯವನು ಘಟ್ಟ ಹತ್ತಬೇಕು.

ಇನ್ನೊಂದು, ನ್ಯೂರೋ ಸರ್ಜನ್ ಒಬ್ಬನ್ನ ತಂದು ಕೂರಿಸಿದ್ರೆ ಸಾಲದು. ಅವನಿಗೆ ಅರಿವಳಿಕೆಯವರು ಬೇಕು, ಐಸಿಯು ಬೇಕು, ರಕ್ತ ಬೇಕು, ರಾತ್ರಿ ಸಿಟಿ ಸ್ಕ್ಯಾನ್ ತೆಗೆಯೋನು ಬೇಕು, ಕೈ ಪಳಗಿರೋಕೆ ಕೇಸು ಬೇಕು. ನಾನು ಆಸ್ಪತ್ರೆ ಬೇಡ ಅಂತಿಲ್ಲ, ಕಟ್ಟಡಕ್ಕೆ ಕಲ್ಲು ಹಾಕಿದ ದಿನವೇ ಆಸ್ಪತ್ರೆ ಬಂತು ಅಂದ್ಕೊಳ್ಳೋದು ಬೇಡ.

ಅಘನಾಶಿನಿ · 11:15

ಮಾಸ್ತರೇ, ಈ ಲೆಕ್ಕ ಹಾಕಿಯೇ ಎಪ್ಪತ್ತು ವರ್ಷ ನಮಗೆ ಎಂತದೂ ಕೊಡ್ಲಿಲ್ಲ. ಜನ ಕಮ್ಮಿ, ಕೇಸು ಕಮ್ಮಿ, ಲಾಭ ಇಲ್ಲ. ಅಣೆಕಟ್ಟಿಗೆ, ಕೈಗಾಕ್ಕೆ, ನೌಕಾನೆಲೆಗೆ ಜಾಗ ಕೇಳ್ವಾಗ ಜನ ಕಮ್ಮಿ ಇದ್ದದ್ದು ಅನುಕೂಲ ಆಯ್ತು. ಆಸ್ಪತ್ರೆ ಕೇಳ್ವಾಗ ಅದೇ ಅಡ್ಡಿ.

ಖಾಸಗಿಯವ್ರಿಗೆ ಲಾಭ ಬೇಕು ಸರಿ. ಸರ್ಕಾರಕ್ಕೆ ಯಾಕೆ ಬೇಕು?

ಕಾಳಿತೀರ · 11:20

ಲೈಕ್ ಬಟನ್ ಹತ್ತು ಸಲ ಒತ್ತೋಕೆ ಆಗೂದಿಲ್ಲಲ್ಲ.

ಹಾವೇರಿಗಡಿ · 11:48

ನಾವು ಮುಂಡಗೋಡದವ್ರು. ಕುಮಟಾದಾಗ ಏನ್ ಕಟ್ಟಿದ್ರೂ ನಮಗ ಉಪಯೋಗಿಲ್ರಿ, ಹುಬ್ಬಳ್ಳಿ ಒಂದ ತಾಸಿನ ದಾರಿ ಐತಿ. ಹಳಿಯಾಳದವ್ರೂ ಧಾರವಾಡಕ್ಕ ಹೊಕ್ಕಾರ. ನಮಗ ಬೇಕಾಗಿರೋದು ರಾತ್ರಿ ಹೆರಿಗಿ ಮಾಡಿಸೋ ಡಾಕ್ಟರ್. ನಮ್ಮ ಅಕ್ಕನ ಮಗಳಿಗೆ ಸಿಜೇರಿಯನ್ ಆಗಬೇಕಿತ್ತು, ಒಂದ್ ಸರ್ಕಾರಿ ಆಸ್ಪತ್ರ್ಯಾಗ ಹೆರಿಗಿ ಡಾಕ್ಟರ್ ಅದಾರ, ಅರಿವಳಿಕಿ ಡಾಕ್ಟರ್ ರಜಾ. ಹಿಂಗಾಗಿ ಆ ಡಾಕ್ಟರ್ ಇದ್ದೂ ಇಲ್ಲದಂಗ. ಗಾಡಿ ಮಾಡಿಕೊಂಡು ಹೋದ್ವಿ, ಕೂಸು ತಾಯಿ ಇಬ್ರೂ ಆರಾಮ ಅದಾರ ಈಗ.

ಸ್ಟೆತೋಸ್ಕೋಪು · 12:05

ಇದು ಬಹಳ ಮುಖ್ಯದ ಮಾತು. ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮೂವರೂ ಒಂದೇ ಕಡೆ ಇದ್ರೆ ಮಾತ್ರ ಹೆರಿಗೆ ವಿಭಾಗ. ಕಾಗದದ ಮೇಲೆ "ತಜ್ಞರ ಹುದ್ದೆ ಭರ್ತಿ" ಅಂತ ಮೂರು ತಾಲ್ಲೂಕಿಗೆ ಒಬ್ಬೊಬ್ಬರನ್ನ ಹಂಚಿದ್ರೆ ಮೂರು ಕಡೆಯೂ ರೆಫರಲ್ ಚೀಟಿ ಬರೆಯೋ ಕೆಲಸವೇ.

ಕಾಳಿತೀರ · 12:30

ನಾವು ಕಾರವಾರದವ್ರು. ನಮ್ಮಲ್ಲಿ 2016ರಿಂದ ಮೆಡಿಕಲ್ ಕಾಲೇಜಿದೆ, ಮೊದಲಿಗಿಂತ ಎಷ್ಟೋ ಪಾಲು ವಾಸಿ. ಆದ್ರೂ ತಲೆಗೆ ಪೆಟ್ಟು ಅಂದ ಕೂಡ್ಲೇ ಜನರ ಬಾಯಲ್ಲಿ ಬರೂದು ಗೋವೆಯ ಬಾಂಬೋಳಿ. ಅಲ್ಲಿನ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಮೊದ್ಲು ಗೋವೆಯವ್ರಿಗೂ ನಮಗೂ ವ್ಯತ್ಯಾಸ ಇರ್ಲಿಲ್ಲ. 2018ರ ಜನವರಿಯಿಂದ ಹೊರಗಿನವ್ರಿಗೆ ಶುಲ್ಕ ಹಾಕಿದ್ರು. ಅವರ ಮೇಲೆ ಸಿಟ್ಟಿಲ್ಲ, ಅವರ ತೆರಿಗೆ ದುಡ್ಡು. ಮನೆಯಲ್ಲಿ ಅನ್ನ ಇಲ್ಲದಿದ್ರೆ ಪಕ್ಕದ ಮನೆಯವ್ರನ್ನ ಬೈಯುಕೆ ಬರ್ತದಾ?

ಮೀನ್‌ಸಾರು · 12:44

ಶಿರೂರಲ್ಲಿ ಆಂಬುಲೆನ್ಸ್ ಪಲ್ಟಿಯಾಗಿ ನಾಲ್ಕು ಜನ ಹೋದ್ರಲ್ಲ, ಗುಡ್ಡ ಕುಸಿದಾಗ, ಆಮೇಲೆ ಎಲ್ಲಾ ರಾಜಕಾರಣಿಗಳು ಆಸ್ಪತ್ರೆ ಮಾಡಿಕೊಡ್ತೇವೆ ಅಂದ್ರು. ಎಲ್ಲಿದೆ?

ಅಘನಾಶಿನಿ · 12:52

ಎರಡು ಶಿರೂರು ಕಲಸಿಬಿಟ್ರಿ. ಆಂಬುಲೆನ್ಸ್ ಮಗುಚಿದ್ದು ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿನಲ್ಲಿ, 2022ರ ಜುಲೈ 20. ಹೊನ್ನಾವರದಿಂದ ಪೇಷಂಟ್ ಕರ್ಕೊಂಡು ಕುಂದಾಪುರ ಕಡೆ ಹೋಗ್ತಿತ್ತು, ಮಳೆಯಲ್ಲಿ ಜಾರಿ ಹೊಡೀತು. ಅದರ ವಿಡಿಯೋ ನೋಡಿದವ್ರಿಗೆ ಇವತ್ತಿಗೂ ಮರ್ತಿಲ್ಲ. ಗುಡ್ಡ ಕುಸಿದದ್ದು ಅಂಕೋಲೆ ಶಿರೂರು, 2024ರ ಜುಲೈ 16, ಗಂಗಾವಳಿ ದಂಡೆ.

ಮೀನ್‌ಸಾರು · 12:55

ಹೌದೌದು, ತಪ್ಪಾಯ್ತು. ಎರಡೂ ಜುಲೈ, ಎರಡೂ ಹೆದ್ದಾರಿ 66.

ಲೆಕ್ಕದಮಾಸ್ತರ · 13:10

ಆ ಎರಡನೇ ಶಿರೂರು ನನ್ನ ವಾದಕ್ಕೇ ಸಾಕ್ಷಿ. ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್. ಮೆಡಿಕಲ್ ಕಾಲೇಜು ಆಚೆ, ಕುಮಟೆ ಹೊನ್ನಾವರ ಈಚೆ. ಜಿಲ್ಲೆಗೆ ಒಂದೇ ದೊಡ್ಡ ಆಸ್ಪತ್ರೆ ಇದ್ದು ಅದಕ್ಕೆ ಒಂದೇ ರಸ್ತೆ ಇದ್ರೆ ಮಳೆಗಾಲದಲ್ಲಿ ಅರ್ಧ ಜಿಲ್ಲೆಗೆ ಆಸ್ಪತ್ರೆ ಇಲ್ಲ ಅಂತಲೇ ಅರ್ಥ. ಅಣಶಿ ಘಟ್ಟದ ಕಥೆಯೂ ಅದೇ, ದೇವಿಮನೆಯದ್ದೂ ಅದೇ.

ಅಘನಾಶಿನಿ · 13:14

ರಸ್ತೆ ಬಂದ್ ಆದ್ರೆ ಮಣಿಪಾಲಕ್ಕೂ ಬಂದ್ ಅಲ್ವಾ ಮಾಸ್ತರೇ? ಈಚೆ ಒಂದು ಇದ್ದಿದ್ರೆ ಈಚೆಯವ್ರಾದ್ರೂ ಬದುಕ್ತಿದ್ರು. ನಿಮ್ಮ ಸಾಕ್ಷಿ ನನ್ನ ಕಡೆಗೇ ಹೇಳ್ತಾ ಇದೆ.

ಲೆಕ್ಕದಮಾಸ್ತರ · 13:20

ಕುಮಟೆಯಿಂದ ಮಣಿಪಾಲಕ್ಕೆ ಅಂಕೋಲೆ ಮೇಲೆ ಯಾಕೆ ಹೋಗ್ಬೇಕು?! ದಕ್ಷಿಣಕ್ಕಿದೆ ಮಾರಾಯ್ರೆ. ಆದ್ರೆ ಈಚೆ ಒಂದು ಆಚೆ ಒಂದು ಇರ್ಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ.

ಮಂಜುಗುಣಿ · 13:31

ಇದಕ್ಕೆಲ್ಲ ಪರಿಹಾರ ಶಿರಸಿ ಪ್ರತ್ಯೇಕ ಜಿಲ್ಲೆ. ಜಿಲ್ಲೆ ಆದ್ರೆ ಜಿಲ್ಲಾಸ್ಪತ್ರೆ ತಾನಾಗೇ ಬರ್ತು.

ಕಾಳಿತೀರ · 13:33

ಬಂತು ನೋಡಿ.

ವೇದಿಕೆ ನಿರ್ವಾಹಕ · 13:50

ಜಿಲ್ಲೆ ವಿಭಜನೆಗೆ ಬೇರೆ ಚರ್ಚೆ ಇದೆ, 412 ಉತ್ತರ ಈಗಾಗಲೇ ಬಿದ್ದಿದೆ. ಅಲ್ಲಿಗೆ ಹೋಗಿ ಬಡಿದಾಡಿ. ಇಲ್ಲಿ ಆಸ್ಪತ್ರೆ.

ಆಶಾಅಕ್ಕ · 14:25

ನಾನು ಆಶಾ ಕಾರ್ಯಕರ್ತೆ. ಮಧ್ಯಾಹ್ನ ಊಟ ಆದ್ಮೇಲೆ ಓದ್ತಾ ಕೂತಿದ್ದೆ, ಎಲ್ಲರೂ ಕಟ್ಟಡದ ಮಾತೇ ಆಡ್ತ್ರಿ, ಅದಕ್ಕೆ ಬರೀತೆ.

ಬೆಂಗಳೂರಲ್ಲಿರೋ ತಮ್ಮ ಹೇಳಿದ್ದು ಅರ್ಧ ನಿಜ. ನಮ್ಮ ಊರಲ್ಲಿ ಬಿಪಿ ಶುಗರ್ ಇದ್ದವ್ರಲ್ಲಿ ಸುಮಾರು ಜನಕ್ಕೆ ತಮಗೆ ಇದೆ ಅಂತಲೇ ಗೊತ್ತಿರ್ಲಿಲ್ಲ. ಈಗ 30 ದಾಟಿದವ್ರದ್ದು ಮನೆಮನೆಗೆ ಹೋಗಿ ನೋಡ್ಬೇಕು ಅಂತ ಬಂದಿದೆ. ನಾನು ಹೋದ್ರೆ ಗಂಡಸ್ರು ತೋಟಕ್ಕೆ, ಹೆಂಗಸ್ರು ಕೂಲಿಗೆ. ಸಂಜೆ ಹೋದ್ರೆ ಗಂಡಸ್ರು ಕುಡ್ದಿರ್ತ್ರು, ಆಗ ನೋಡಿದ ಬಿಪಿ ಯಾರ ಲೆಕ್ಕಕ್ಕೆ? ಮಾತ್ರೆ ಕೊಟ್ರೆ ಒಂದು ತಿಂಗಳು ತಿಂತ್ರು, "ಈಗ ಆರಾಮಿದೆ ಅಕ್ಕ" ಅಂತ ಬಿಡ್ತ್ರು. ಆರಾಮ ಇರೂದೇ ಮಾತ್ರೆಯಿಂದ ಅಂತ ತಿಳಿಸ್ಬೇಕಾದ್ರೆ ನನ್ನ ಗಂಟಲು ಹರೀತದೆ. ಒಬ್ಬ ಅಜ್ಜ ಮಾತ್ರೆನ ದೇವರ ಪಟದ ಹಿಂದೆ ಇಟ್ಟಿದ್ರು. ಯಾಕೆ ಅಂದ್ರೆ "ಜೋರು ಬಂದಾಗ ತಿನ್ನುಕೆ" ಅಂತ!

ಮಳೆಗಾಲಕ್ಕೆ ಗದ್ದೆಗೆ ಇಳಿದ್ರೆ ಇಲಿಜ್ವರ. ಬೇಸಗೆಗೆ ಬೆಟ್ಟಕ್ಕೆ ದರಕು (ಒಣಗಿದ ಎಲೆ) ಗುಡ್ಸುಕೆ ಹೋದ್ರೆ ಮಂಗನ ಕಾಯಿಲೆ ಹೆದ್ರಿಕೆ. ಡಿಸೆಂಬರ್ ಬಂತು ಅಂದ್ರೆ ನಾವು ಉಣ್ಣಿ ಕಚ್ಚದ ಹಾಗೆ ಮೈಗೆ ಹಚ್ಚೂ ಡೇಪಾ ಎಣ್ಣೆ ಬಾಟ್ಲಿ ಹಿಡ್ಕಂಡು ತಿರುಗೂದು. ವಾಸನೆ ಅಂತ ಹಚ್ಕಳೂದಿಲ್ಲ, ಬಾಟ್ಲಿ ಇಸ್ಕಂಡು ಬಚ್ಚಲಲ್ಲಿ ಇಡ್ತ್ರು. ಮಂಗ ಸತ್ತ ಸುದ್ದಿ ಮೊದ್ಲು ಬರೂದು ನನಗೆ, ಆಮೇಲೆ ಇಲಾಖೆಗೆ.

ನಮ್ಮ ಮೊಬೈಲಲ್ಲಿ ಎಲ್ಲಾ ತುಂಬಿಸ್ಬೇಕು. ನೆಟ್‌ವರ್ಕ್ ಇಲ್ದೆ ನಾನೂ ಗುಡ್ಡ ಹತ್ತಿ ಬಾಳೆಬುಡ ಹುಡುಕೂದೇ. ಹೋದ ವರ್ಷ, 2025ರ ಜನವರಿ ಇರ್ಬೇಕು, ಗೌರವಧನ ಹೆಚ್ಚು ಮಾಡಿ ಅಂತ ಆಶಾಗಳೆಲ್ಲ ಧರಣಿ ಕೂತಾಗ ಬೆಂಗಳೂರು ಫ್ರೀಡಂ ಪಾರ್ಕಲ್ಲಿ ಚಳಿಯಲ್ಲಿ ಮಲಗಿದ್ದೆ ನಾನೂ. ತಿಂಗಳಿಗೆ ಹತ್ತು ಸಾವಿರ ಅಂತ ಬಾಯಲ್ಲಿ ಹೇಳಿ ಕಳ್ಸಿದ್ರು. ಆ ಕಥೆ ಇಲ್ಲಿ ಬೇಡ.

ಹೇಳ್ಬೇಕಾದ್ದು ಎಂತ ಅಂದ್ರೆ, ಅಪ್ಪನ ಬಿಪಿ ಯಾವಾಗ ನೋಡ್ಸಿದ್ರಿ ತಮ್ಮಾ?

ಬೆಟ್ಟದಮೂಲೆ · 14:40

ಅಕ್ಕಾ, ನಾಚಿಕೆ ಆಗ್ತು ಹೇಳೋಕೆ. ಕೊನೇ ಸಲ ನೋಡಿದ್ದು ಕಣ್ಣಿನ ಪೊರೆ ಆಪರೇಷನ್ ಹೊತ್ತಲ್ಲಿ. ಆರು ವರ್ಷ ಆಯ್ತು.

ಆಶಾಅಕ್ಕ · 14:42

ಹೂಂ. ನಿಮ್ಮೂರಿನ ಆಶಾ ಬಂದಾಗ ಬಾಗಿಲು ತೆಗೀರಿ ಮತ್ತೆ.

ಬೆಂಗಳೂರಲ್ಲಿರೋನು · 14:50

ಅಕ್ಕ, ನೀವು ಅರ್ಧ ಒಪ್ಕೊಂಡಿದ್ದೇ ಸಾಕು. ಇನ್ನರ್ಧ ನಾನು ವಾಪಸ್ ತಗೋತೀನಿ. ಮಂಗನ ಕಾಯಿಲೆಗೆ ಲಸಿಕೆ ಇತ್ತಲ್ಲ, ನಮ್ಮ ಅಜ್ಜಿ ಹಾಕಿಸ್ಕೊಂಡಿದ್ರು?

ಸ್ಟೆತೋಸ್ಕೋಪು · 15:02

ಇತ್ತು. ಪರಿಣಾಮ ಸಾಲದು ಅಂತ ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೀತಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಕಾಯಿಲೆ, ಊರ ಹೆಸರು ವಿಜ್ಞಾನದ ಪುಸ್ತಕ ಸೇರಿತು. ಇವತ್ತಿಗೂ ಅದಕ್ಕೇ ಅಂತ ಔಷಧಿ ಇಲ್ಲ, ಬೇಗ ಗುರುತಿಸಿ ನೀರು, ರಕ್ತದೊತ್ತಡ, ಪ್ಲೇಟ್‌ಲೆಟ್ ಸಂಭಾಳಿಸೋದೇ ಚಿಕಿತ್ಸೆ. ಹಾಗಾಗಿ ಆ ಎಣ್ಣೆ ಹಚ್ಕೊಳ್ಳಿ, ವಾಸನೆ ಬರಲಿ.

ಕೊನೆಗೌಡ77 · 15:30

ನಂದೊಂದು. ಅಡಿಕೆ ಕೊನೆ ಕೊಯ್ಯುವವ್ರು ಮರದಿಂದ ಬಿದ್ದಾಗ ಜನ ನಾಲ್ಕು ಕೈಕಾಲು ಹಿಡ್ದು ಎತ್ತಿ ಜೀಪಿಗೆ ತುಂಬ್ತ್ರು. ನಮ್ಮ ಜೊತೆಯವ ಒಬ್ಬ ಬಿದ್ದಾಗ ಕಾಲು ಆಡಿಸ್ತಾ ಇದ್ದ, ಜೀಪಿಂದ ಇಳಿಸ್ವಾಗ ಕಾಲು ಇಲ್ಲ. ಈಗ ಐದು ವರ್ಷ ಆಯ್ತು, ಹಾಸಿಗೆ ಮೇಲೆ. ಬಾಗಿಲು ಕಿತ್ತು ಅದರ ಮೇಲೆ ಮಲಗ್ಸಿ ಒಯ್ದಿದ್ರೆ ಆಗ್ತಿತ್ತು ಅಂತ ಆಮೇಲೆ ಮಣಿಪಾಲದಲ್ಲಿ ಯಾರೋ ಹೇಳಿದ್ರು. ನಮಗೆ ಯಾರು ಮೊದ್ಲೇ ಹೇಳಿದ್ರು?

ಸ್ಟೆತೋಸ್ಕೋಪು · 15:41

ನಿಜ. ಕುತ್ತಿಗೆ ಬೆನ್ನು ಅಲುಗಬಾರದು. ಹಲಗೆ, ಬಾಗಿಲು, ಏಣಿ ಯಾವುದಾದ್ರೂ ಸರಿ. ತಲೆಯ ಎರಡೂ ಬದಿಗೆ ಬಟ್ಟೆ ಸುತ್ತಿ ಒತ್ತು ಕೊಡಿ. ಮೂರ್ನಾಲ್ಕು ಜನ ಸೇರಿ ಮರದ ದಿಮ್ಮಿ ಹೊರಳಿಸಿದ ಹಾಗೆ ಒಟ್ಟಿಗೇ ಹೊರಳಿಸಬೇಕು.

ಮಂಜುಗುಣಿ · 15:44

ಈಗ ಕಾರ್ಬನ್ ಫೈಬರ್ ದೋಟಿ ಬಂದಿದ್ದಲ, ಮರ ಹತ್ತೋದೇ ಬೇಡ.

ಕೊನೆಗೌಡ77 · 15:46

ರೇಟು ಕೇಳಿದ್ರೆ ಅದಕ್ಕೂ ಆ ಇಂಜೆಕ್ಷನ್ನೇ ಬೇಕು. ದೋಟಿ ಬಂದ್ರೆ ನನ್ನ ಹೊಟ್ಟೆಪಾಡು ಎಂತ?

ಮೀನ್‌ಸಾರು · 15:58

ಹಾವು ಕಡಿದ್ರೆ ಮಾತ್ರ ನಾಟಿ ಔಷಧಿಯೇ ಸೈ. ನಮ್ಮ ಮಾವನಿಗೆ ತೋಟದಲ್ಲಿ ಮಂಡಲ ಕಚ್ಚಿತ್ತು, ಆಸ್ಪತ್ರೆಯ ಇಂಜೆಕ್ಷನ್ ಹಿಡೀಲಿಲ್ಲ, ಬೇರು ಅರೆದು ಕುಡಿಸಿದ ಮೇಲೆ ಇಳೀತು.

ಸ್ಟೆತೋಸ್ಕೋಪು · 16:10

ಇದನ್ನ ಓದಿ ಯಾರಾದ್ರೂ ಬೇರು ಹುಡುಕ್ತಾ ಕೂತಾರು, ಅದಕ್ಕೆ ಉತ್ತರ ಕೊಡ್ತೇನೆ. ನಮ್ಮಲ್ಲಿ ಸಿಗೋ ಪ್ರತಿವಿಷ ನಾಲ್ಕು ಹಾವಿನದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮಲೆನಾಡಿನ ತೋಟದ ತರಗೆಲೆಯಲ್ಲಿ ಮೂಗು ಮೇಲಕ್ಕೆ ಎದ್ದಿರೋ ಒಂದು ಸಣ್ಣ ಮಂಡಲ ಇರುತ್ತೆ, ಅದಕ್ಕೆ ಈ ಪ್ರತಿವಿಷ ಕೆಲಸ ಮಾಡೋದಿಲ್ಲ. ಅದರ ಕಡಿತದಲ್ಲಿ ಹೆಚ್ಚಿನವರು ಊತ ನೋವು ಅನುಭವಿಸಿ ತಾವಾಗೇ ಸುಧಾರಿಸ್ತಾರೆ, ಕೆಲವರಿಗೆ ಮಾತ್ರ ಕಿಡ್ನಿ ಹೋಗುತ್ತೆ. ನಿಮ್ಮ ಮಾವನದ್ದು ಅದೇ ಇರಬಹುದು, ಬೇರಿಗೆ ಪುಕ್ಕಟೆ ಹೆಸರು ಬಂತು. ಕೊಳಕುಮಂಡಲಕ್ಕೆ ಬೇರು ಅರೆಯೋಕೆ ಕೂತಿದ್ರೆ ಇವತ್ತು ಈ ಕಥೆ ಹೇಳೋ ಸ್ಥಿತಿ ಇರ್ತಿರಲಿಲ್ಲ. 2024ರಿಂದ ರಾಜ್ಯದಲ್ಲಿ ಪ್ರತಿ ಹಾವು ಕಡಿತದ ವರದಿ ಮಾಡೋದು ಕಡ್ಡಾಯ, ಆಸ್ಪತ್ರೆಗೆ ಬಂದ್ರೆ ತಾನೇ ಲೆಕ್ಕ ಸಿಗೋದು.

ಮೀನ್‌ಸಾರು · 16:14

ಇವತ್ತು ನನ್ನ ದಿನವೇ ಸರಿ ಇಲ್ಲ. ಊಟ ಮಾಡಿ ಮಲಗ್ತೆ.

ದುಬೈಭಟ್ಕಳ · 17:35

ಅಸ್ಸಲಾಮು ಅಲೈಕುಂ, ನಮಸ್ಕಾರ ಎಲ್ಲರಿಗೂ. ನಾನು ಹನ್ನೆರಡು ವರ್ಷದಿಂದ ದುಬೈನಲ್ಲಿ. ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮೊದಲು ಜಿಲ್ಲೆ ದಾಟಿ ಹೋಗಿ ಬರ್ತಿದ್ರು, ಬೆಳಿಗ್ಗೆ ಐದಕ್ಕೆ ಹೊರಟ್ರೆ ಸಂಜೆ ಮನೆ. ಮಧ್ಯದ ದಿನ ಪೂರ್ತಿ ಸುಸ್ತು. ಅಂದ್ರೆ ವಾರದಲ್ಲಿ ಬದುಕಿದ್ದ ದಿನ ಅಂತ ಲೆಕ್ಕಕ್ಕೆ ಒಂದೇ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾದ ಮೇಲೆ ಆಟೋದಲ್ಲಿ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರ್ತಾರೆ. ಅಮ್ಮ ಫೋನಲ್ಲಿ ಮತ್ತೆ ಅಡುಗೆ ಮಾತು ಮಾತಾಡ್ತಾರೆ. ಅಲ್ಲಿರೋದು ನಾಲ್ಕು ಮಷಿನ್, ಒಬ್ಬ ಟೆಕ್ನಿಷಿಯನ್, ಅಷ್ಟೇ. ದೊಡ್ಡ ಆಸ್ಪತ್ರೆ ಬೇಕು, ನಾನೂ ಸಹಿ ಹಾಕ್ತೇನೆ, ದುಡ್ಡೂ ಕೊಡ್ತೇನೆ. ಆದ್ರೆ ನಮ್ಮ ಮನೆಗೆ ಬೆಳಕು ಬಂದದ್ದು ಆ ಸಣ್ಣ ಕೋಣೆಯಿಂದ.

ಕಾಳಿತೀರ · 17:50

ಅಮ್ಮನಿಗೆ ಆರೋಗ್ಯ ಸಿಗಲಿ ಭಾಯ್.

ಹಾವೇರಿಗಡಿ · 18:05

ಒಂದ ಡೌಟು. ಬಿಪಿಎಲ್ ಕಾರ್ಡಿಗೆ 5 ಲಕ್ಷದ ತನಕ ಅಂತಾರಲ್ರಿ, ಆಯುಷ್ಮಾನ್. ಖಾಸಗಿಗೆ ಹೋದ್ರ ಸರ್ಕಾರಿ ಆಸ್ಪತ್ರಿ ಚೀಟಿ ತಂದಿಲ್ಲ ಅಂತ ವಾಪಸ್ ಕಳಸ್ತಾರ. ಹಾರ್ಟ್ ಅಟ್ಯಾಕ್ ಆದಾಗ ಚೀಟಿ ತರಾಕ ಎಲ್ಲಿ ಹೋಗೂದು?

ಸ್ಟೆತೋಸ್ಕೋಪು · 18:20

ತುರ್ತು ಚಿಕಿತ್ಸೆಗೆ ರೆಫರಲ್ ಚೀಟಿ ಬೇಡ, ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರ ಹೋಗಬಹುದು. ಚೀಟಿ ಬೇಕಾಗೋದು ಕಾಯಬಹುದಾದ ಚಿಕಿತ್ಸೆಗೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಕೂತಿರ್ತಾರೆ, ಮೊದಲು ಅವರನ್ನ ಹುಡುಕಿ, ಬಿಲ್ಲಿಂಗ್ ಕೌಂಟರಿಗೆ ಹೋಗಬೇಡಿ.

ಮಂಜುಗುಣಿ · 18:32

ಡಾಕ್ಟರು ಹಳ್ಳಿಗೆ ಬರದಿದ್ರೆ ಇದೆಲ್ಲ ದಂಡ. ಎಂಬಿಬಿಎಸ್ ಆದವ್ರನ್ನ ಒಂದು ವರ್ಷ ಕಡ್ಡಾಯ ಹಳ್ಳಿಗೆ ಹಾಕ್ಬೇಕು.

ಸ್ಟೆತೋಸ್ಕೋಪು · 18:45

ಆ ಕಾಯ್ದೆ 2012ರಲ್ಲೇ ಆಗಿದೆ. ಒಂದು ವರ್ಷಕ್ಕೆ ಬಂದವನು ಬಂದ ದಿನದಿಂದ ಪಿಜಿ ಪರೀಕ್ಷೆಗೆ ಓದ್ತಾನೆ. ತಪ್ಪು ಅನ್ನೋಲ್ಲ, ನಾನೂ ಓದಿದ್ದೆ. ಉಳಿಯೋ ಹಾಗೆ ಮಾಡೋದು ಬೇರೆ ಕೆಲಸ: ವಾಸಕ್ಕೆ ಸೋರದ ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ, ಕೇಸು ಕೈತಪ್ಪಿದಾಗ ಹಿಂದೆ ನಿಲ್ಲೋ ಜನ. ಕಷ್ಟ ಬಂದಾಗ ಫೋನೆತ್ತೋ ಹಿರಿಯ ಡಾಕ್ಟರು ಇದ್ರೆ ಅರ್ಧ ಭಯ ಹೋಗುತ್ತೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಿಂದ ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ ವಾಟ್ಸ್ಆ್ಯಪ್ ಗುಂಪು ಕಟ್ಟಿದ್ರಲ್ಲ, ಅದರ ಗುಟ್ಟೇ ಅದು. ಯಂತ್ರ ಯಾರು ಬೇಕಾದ್ರೂ ಕೊಡಿಸಬಹುದು, ರಾತ್ರಿ ಎರಡಕ್ಕೆ ಆ ಕಡೆಯಿಂದ ಉತ್ತರ ಬರಬೇಕು.

ಲೆಕ್ಕದಮಾಸ್ತರ · 19:10

ಅಘನಾಶಿನಿಯವರೇ, ನಾವಿಬ್ರೂ ಬೆಳಿಗ್ಗೆಯಿಂದ ಒಂದೇ ಮಾತಾಡ್ತಿದ್ದೇವೆ ಅನ್ನಿಸ್ತಾ ಇದೆ.

ಅಘನಾಶಿನಿ · 19:12

ಇಲ್ಲ. ನನಗೆ ಆಸ್ಪತ್ರೆ ಬೇಕು, ನಿಮಗೆ ಸಮಾಧಾನ ಬೇಕು.

ಬೆಟ್ಟದಮೂಲೆ · ಸೋಮವಾರ ಮಧ್ಯಾಹ್ನ 1:15

ಹೋಗಿ ಬಂದೆ. ಜಗಳ ಮಾಡ್ಬಾರ್ದು ಅಂತ ಆಣೆ ಹಾಕ್ಕೊಂಡು ಹೋಗಿದ್ದೆ, ಮಾಡ್ಲಿಲ್ಲ.

ಇಂಜೆಕ್ಷನ್ ಇದೆ. ಆ ರಾತ್ರಿಯೂ ಇತ್ತು. ಔಷಧಿ ಕೋಣೆಯ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ರು, ದುಬಾರಿ ಮಾಲು, ಕಳವಾದ್ರೆ ಯಾರು ಕಟ್ಟಿಕೊಡೋದು ಅಂತ. ಬೀಗದ ಕೈ ಫಾರ್ಮಸಿಸ್ಟ್ ಹತ್ರ. ಅವರು ಸಂಜೆ ಐದೂವರೆ ಬಸ್ಸಿಗೆ ಊರಿಗೆ ಹೋಗ್ತಾರೆ. ಡ್ಯೂಟಿ ಡಾಕ್ಟರು ಆ ವಾರ ಮಾತ್ರ ಬೇರೆ ಕಡೆಯಿಂದ ಬಂದವರು, ಅಂಥದ್ದೊಂದು ಬೀರು ಇದೆ ಅಂತಲೇ ಅವರಿಗೆ ಯಾರೂ ಹೇಳಿರ್ಲಿಲ್ಲ. ಫಾರ್ಮಸಿಸ್ಟ್ ಮುಖ ನೋಡಿ ನನಗೆ ಬೈಯೋಕೂ ಆಗ್ಲಿಲ್ಲ. ಅಪ್ಪ ಹೇಗಿದಾರೆ ಅಂತ ಎರಡು ಸಲ ಕೇಳಿದ್ರು.

ಇಡೀ ದಿನ ಇಲ್ಲಿ ನಾವು ನೂರಾರು ಕೋಟಿ ಆಸ್ಪತ್ರೆ ಮಾತಾಡಿದ್ವಿ. ನಮ್ಮಪ್ಪನ ಮತ್ತು ಔಷಧಿಯ ನಡುವೆ ಇದ್ದದ್ದು ಒಂದು ಗೋದ್ರೆಜ್ ಬೀಗ.

ಸ್ಟೆತೋಸ್ಕೋಪು · 1:22

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಬರವಣಿಗೆಯಲ್ಲಿ ಕೊಡಿ, ಬಾಯಿಮಾತು ಬೇಡ. ಒಂದು ಡೋಸ್ ತುರ್ತು ಕೋಣೆಯಲ್ಲೇ ಇರಬೇಕು, ಪಾಳಿ ಬದಲಾಗುವಾಗ ರಿಜಿಸ್ಟರಿನಲ್ಲಿ ಸಹಿ ಮಾಡಿ ಒಪ್ಪಿಸಬೇಕು ಅಂತ. ನಮ್ಮಲ್ಲಿ ಹಾಗೇ ಮಾಡಿದ್ದೇವೆ.

ಬೆಟ್ಟದಮೂಲೆ · 1:30

ಕೊಟ್ಟೆ, ಸೀಲು ಹಾಕಿಸಿ ಪ್ರತಿ ಇಟ್ಕೊಂಡಿದ್ದೇನೆ. ಬರ್ತಾ ಆ ಹುಡುಗರ ಮನವಿಗೂ ಸಹಿ ಹಾಕ್ದೆ ಅಘನಾಶಿನಿಯವ್ರೆ. ಹೆಸರಿನ ಕೆಳಗೆ ಜಾಗ ಇತ್ತು, "ಬೀಗದ ಕೈ ರಾತ್ರಿ ಪಾಳಿ ಸಿಸ್ಟರ್ ಹತ್ರ ಇರಲಿ" ಅಂತ ಬರೆದೆ. ಹುಡುಗರು ಇದು ಎಂತಕ್ಕೆ ಅಂದ್ರು. ಕೂತು ಹೇಳಿದೆ.

ಅಘನಾಶಿನಿ · 1:34

ಆ ಸಾಲು ನಮ್ಮ ಕಡೆಯ ಮನವಿಗೂ ಸೇರಿಸ್ತೆ.

ಕೊನೆಗೌಡ77 · 1:40

ಅಪ್ಪ ಹಲಸಿನಕಾಯಿ ಹುಳಿ ಮತ್ತೆ ಉಂಡ್ರಾ?

ಬೆಟ್ಟದಮೂಲೆ · 1:41

ಅಮ್ಮ ಮಾಡೋದೇ ಬಿಟ್ಟಿದ್ದಾಳೆ. ಅಪ್ಪಂಗೆ ಅದೇ ದೊಡ್ಡ ನೋವು.

ಆಶಾಅಕ್ಕ · 4:50

ಇವತ್ತು ಮೀಟಿಂಗಿಗೆ ನಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆ. ಹಾಗೇ ಕೇಳಿದೆ, ಹಾರ್ಟಿನ ಇಂಜೆಕ್ಷನ್ ಬೀರುವಿನ ಕೈ ರಾತ್ರಿ ಯಾರ ಹತ್ರ ಇರ್ತದೆ ಅಂತ. ಮೂರು ಜನರನ್ನ ಕೇಳಿದೆ, ಮೂರು ಹೆಸ್ರು ಹೇಳಿದ್ರು. ನಾಳೆ ಮತ್ತೆ ಹೋಗ್ತೆ.